ಸಲೂನಿನವನಿಗೆ ಗಮನ ಬಂದ ದಿನ

ಸಲೂನಿನವನು ಅಂದು ತಲೆಯೆತ್ತಿ ನೋಡಲೇ ಇಲ್ಲ.

ಎದುರಿನ ಕನ್ನಡಕದ ಅಂಗಡಿಯವಳು ಅವನ ಬಾಗಿಲಲ್ಲಿ ನಿಂತು ಕೆಮ್ಮಿದಳು. ಮತ್ತೆ ಇನ್ನೂ ಜೋರಾಗಿ ಕೆಮ್ಮಿದಳು. ಅವನ ಕತ್ತರಿ ಮಾತ್ರ ಗಿರಾಕಿಯ ಕಿವಿಯ ಸುತ್ತ ತನ್ನ ಪಾಡಿಗೆ ಕಚಕಚ ಓಡುತ್ತಿತ್ತು.

ಮೊನ್ನೆಮೊನ್ನೆಯವರೆಗೂ ಅವಳ ನೆರಳು ಬಿದ್ದರೆ ಸಾಕು, ಅರ್ಧ ಮೀಸೆ ಬೋಳಿಸಿದ ಗಿರಾಕಿಯನ್ನು ಹಾಗೇ ಬಿಟ್ಟು ಓಡಿಬರುತ್ತಿದ್ದ. ಬೀದಿಯವರು ಅವನಿಗಿಟ್ಟ ಹೆಸರೇ 'ಅರ್ಧ ಕಟಿಂಗ್'. ಆ ಓಡಿಬರುವುದನ್ನೇ ಪ್ರೀತಿಯೆಂದು ಅವಳು ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು.

ಗಿರಾಕಿ ಎದ್ದುಹೋದ. ಎರಡೂ ಕಿವಿಯ ಪಕ್ಕದ ಕೂದಲು ಸಮವಾಗಿತ್ತು! ಅವಳಿಗೆ ಹೊಟ್ಟೆ ಉರಿಯಿತು.

"ಏನ್ರೀ, ನಾನು ಕಣ್ಣಿಗೆ ಕಾಣ್ಲಿಲ್ವಾ?"

"ಡಾಕ್ಟರ್ ಮಾತ್ರೆ ಕೊಟ್ಟಿದಾರೆ ಕಣ್ರೀ. ಮಿದುಳಲ್ಲಿ ಡೋಪಮೈನ್ ಅಂತ ಏನೋ ಇರುತ್ತಂತೆ. ನನ್ನ ತಲೇಲಿ ಅದರ ಕೆಲಸ ಸರಿಯಾಗಿ ನಡೀತಿರ್ಲಿಲ್ವಂತೆ, ಅದಕ್ಕೇ ಗಮನ ಒಂದು ಕಡೆ ನಿಲ್ತಿರ್ಲಿಲ್ಲ. ಈಗ ನೋಡಿ, ಬೆಳಿಗ್ಗೆಯಿಂದ ಒಬ್ಬರನ್ನೂ ಅರ್ಧಕ್ಕೆ ಬಿಟ್ಟಿಲ್ಲ!"

"ಮುಂಚೆ ನನ್ನ ನೋಡಿದ ತಕ್ಷಣ ಓಡಿ ಬರ್ತಿದ್ರಿ."

"ನಾಯಿ ಬೊಗಳಿದ್ರೂ ಓಡ್ತಿದ್ದೆ."

ಅವಳ ಮುಖ ಸಪ್ಪಗಾಯಿತು. "ಹಾಗಾದ್ರೆ ನಾನೂ ಆ ನಾಯೀನೂ ಒಂದೇ!" ಎಂದು ಸರ್ರನೆ ತಿರುಗಿದಳು. ಇಷ್ಟು ದಿನ ಕಟ್ಟಿಕೊಂಡ ಆಸೆ ಒಂದು ಮಾತ್ರೆಗೆ ಕರಗಿಹೋಗುವಂಥದ್ದೇ?

"ಅಯ್ಯೋ, ನಿಲ್ರೀ!" ಅವನು ಬಾಗಿಲಿಗೆ ಅಡ್ಡ ಬಂದ. "ನಾಯಿ, ಪಾರಿವಾಳ, ಐಸ್‌ಕ್ರೀಮ್ ಗಾಡಿ, ಎಲ್ಲದರ ಕಡೆ ಗಮನ ಹೋಗೋದು ನಿಂತಿದೆ. ನಿಮ್ಮ ಕಡೆ ಹೋಗೋದೊಂದು ನಿಂತಿಲ್ಲ. ನೀವು ಕೆಮ್ಮಿದ್ದು ಎರಡು ಸಲಾನೂ ಕೇಳಿಸ್ತು. ಬೇಕಂತಲೇ ತಲೆ ಎತ್ತಲಿಲ್ಲ. ಎತ್ತಿದ್ರೆ ಪಾಪ, ಆ ಮನುಷ್ಯನ ಕಿವಿ ನನ್ನ ಕೈಗೆ ಬರ್ತಿತ್ತು."

ಉಕ್ಕಿಬಂದ ನಗುವನ್ನು ಅವಳು ತುಟಿ ಕಚ್ಚಿ ತಡೆದಳು.

ಅವನು ಗಿರಾಕಿಯ ಕುರ್ಚಿಯನ್ನು ಅವಳತ್ತ ತಿರುಗಿಸಿದ. "ಕೂತ್ಕೊಳ್ಳಿ. ನಿಮ್ಮ ಚಿಕ್ಕಮ್ಮ ಮನೆ ಬಿಟ್ಟು ಹೋದ ಕಥೆ ಎಷ್ಟು ಸಲ ಶುರು ಮಾಡಿದೀರೋ! ನಾನು ಒಂದು ಸಲಾನೂ ಪೂರ್ತಿ ಕೇಳಿಲ್ಲ. ಇವತ್ತು ಹೇಳಿ."

ಅವಳು ಶುರು ಮಾಡಿದಳು. ಅವನು ಅವಳ ಮುಖದಿಂದ ಕಣ್ಣು ಕೀಳಲಿಲ್ಲ. ಹೊರಗೆ ಯಾರದೋ ಸೈಕಲ್ ಧಡಾರನೆ ಬಿತ್ತು, ಆಗಲೂ ತಿರುಗಲಿಲ್ಲ. ಇಷ್ಟು ಹೊತ್ತು, ಇಷ್ಟು ನೇರವಾಗಿ ಅವಳನ್ನು ಯಾರೂ ನೋಡಿರಲಿಲ್ಲ. ಚಿಕ್ಕಮ್ಮ ರೈಲು ಹತ್ತಿದಳೋ ಬಿಟ್ಟಳೋ ಅವಳಿಗೇ ಮರೆತುಹೋಯಿತು.

"ಹೀಗೆ ನೋಡ್ತಾ ಕೂತ್ರೆ ನಾನು ಹೇಗೆ ಹೇಳ್ಲಿ? ಈಗ ನಂಗೂ ಒಂದು ಮಾತ್ರೆ ಬೇಕು."

"ಬೇಡ. ನಿಮ್ಮ ಗಮನ ತಪ್ಪೋದು ನೋಡೋಕೆ ಚೆಂದ." ಅವನ ದನಿ ಮೆತ್ತಗಾಯಿತು. "ನೀವಂದ್ರೆ ನಂಗಿಷ್ಟ ಕಣ್ರೀ. ಮಾತ್ರೆ ಇಲ್ದಾಗ್ಲೂ, ಇದ್ದಾಗ್ಲೂ."

ಅವಳ ಕಿವಿಗಳೆರಡೂ ಬಿಸಿಯಾದವು. ದಡಬಡ ಎದ್ದು ಅವನ ತೋಳು ಹಿಡಿದಳು.

"ನಡೀರಿ."

"ಎಲ್ಲಿಗೆ?"

"ನಮ್ಮಪ್ಪನ ಹತ್ರ. ಮಾತ್ರೆಯ ಪವರ್ ಇಳಿಯೋದ್ರೊಳಗೆ ಇದನ್ನ ಅವರಿಗೂ ಹೇಳಿ."