ಹಸಿರಿನ ತುದಿಯಲ್ಲಿ ಕೆಂಪು

ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ನೋಡಿದೆ. ಒಂದೊಂದು ಕ್ರೋಮೋಸೋಮಿಗೆ ಒಂದೊಂದು ಬಣ್ಣ ಹಚ್ಚಿದ್ದೆ; ಪೂರ್ತಿ ಹಸಿರಾಗಿರಬೇಕಿದ್ದುದರ ತುದಿ ಕೆಂಪಾಗಿತ್ತು. ಕೆಂಪಿನ ತುದಿ ಹಸಿರು. ಎರಡೂ ಒಂದೊಂದು ತುಂಡನ್ನು ಅದಲುಬದಲು ಮಾಡಿಕೊಂಡಿದ್ದವು.

ಅದು ರೋಗಿಯ ರಕ್ತವಲ್ಲ. ಆರೋಗ್ಯವಂತರದು ಹೀಗಿರುತ್ತದೆ ಎಂದು ಹೋಲಿಸಲು ಇಟ್ಟುಕೊಂಡಿದ್ದ ರಕ್ತ. ಅವನದು.

ಅವನು ನನ್ನ ಪಕ್ಕದ ಬೆಂಚಿನವನು. ಮಾತು ಕಡಿಮೆ, ಲ್ಯಾಬಿನಲ್ಲಿ ಎಲ್ಲರಿಗೂ ಮೌನಿಬಾಬಾ. ಜೀವಕೋಶದೊಳಗೆ ಡಿಎನ್‌ಎ ಹೇಗೆ ಮಡಚಿ ಕೂರುತ್ತದೆ, ಯಾವುದರ ಪಕ್ಕ ಯಾವುದು ಎಂಬುದು ನಮ್ಮಿಬ್ಬರ ಸಂಶೋಧನೆ. ನನಗೆ ರಕ್ತ ಬೇಕಾದಾಗ ಶರ್ಟಿನ ತೋಳು ಮಡಚಿ, "ತಗೋ. ಹೃದಯ ಕೇಳಿದ್ರೆ ಯೋಚಿಸ್ಬೇಕಿತ್ತು" ಎಂದಿದ್ದ. ಆಮೇಲೆ ಯೋಚಿಸದೆ ಅದನ್ನೂ ಕೊಟ್ಟ. ಬರುವ ಭಾನುವಾರ ಅವನ ಅಮ್ಮ, ಅಕ್ಕ ಮದುವೆ ಮಾತಿಗೆ ನಮ್ಮ ಮನೆಗೆ ಬರುವವರಿದ್ದರು.

ಹೊಸ ಸ್ಲೈಡ್ ಮಾಡಿದೆ. ಅದೇ. ಅವನನ್ನು ಕರೆದೆ. ಬಂದು ಕಣ್ಣಿಟ್ಟ. ಅವನಿಗೆ ವಿವರಿಸುವುದೇನಿತ್ತು? ಹೀಗೆ ತುಂಡು ಅದಲುಬದಲಾದವರ ಆರೋಗ್ಯಕ್ಕೆ ಏನೂ ಆಗದು. ಮಕ್ಕಳ ವಿಷಯದಲ್ಲಿ ಮಾತ್ರ, ಗಂಡನದಾಗಲಿ ಹೆಂಡತಿಯದಾಗಲಿ, ಗರ್ಭ ನಿಲ್ಲದೆ ಹೋಗಬಹುದು; ಒಡಹುಟ್ಟಿದವರಲ್ಲೂ ಇದು ಇರಬಹುದು.

"ಯಾರ್ದು?"

ನಾನು ಅವನ ತೋಳನ್ನು ನೋಡಿದೆ.

ಅವನು ಸ್ಟೂಲಿಗಾಗಿ ಹಿಂದೆ ತಡಕಾಡಿ ಕೂತ.

"ಅಕ್ಕಂಗೂ ಇದೇ ಇರ್ಬೋದು, ಅಲ್ವಾ."

ಅಕ್ಕನಿಗೆ ಮತ್ತೆ ಮತ್ತೆ ಗರ್ಭ ಇಳಿದಿತ್ತು. ಮೈ ಜೋಪಾನ ಮಾಡಿಕೊಳ್ಳಲಿಲ್ಲ ಎಂದು ಅತ್ತೆಯಿಂದ ಹಿಡಿದು ಹೆತ್ತಮ್ಮನವರೆಗೆ ಎಲ್ಲರೂ ಅವಳನ್ನೇ ಅಂದಿದ್ದರು.

"ನಾನು ಸುಮ್ನೆ ಕೂತಿದ್ದೆ ಕಣೇ."

ಫೋನ್ ತೆಗೆದ. ಅಮ್ಮನಿಗೆ ಬರುವುದು ಬೇಡ ಎನ್ನುತ್ತೇನೆ, ನಿನಗೂ ಆ ಗತಿ ಯಾಕೆ ಎಂದ.

"ಏನೂ ಕಳೆದುಹೋಗಿಲ್ಲ, ನೋಡು. ಜಾಗ ಬದಲಾಗಿದೆ ಅಷ್ಟೇ" ಎಂದೆ.

"ಜಾಗಾನೇ ಎಲ್ಲ ಅಂತ ಥೀಸಿಸ್‌ನಲ್ಲಿ ಬರ್ದೋಳು ನೀನೇ."

ಇಷ್ಟು ದಿನದ ನನ್ನ ಹೋಲಿಕೆಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೆಂದು ಆಗ ಹೊಳೆಯಿತು. ಅಳು ಬರಲಿಲ್ಲ. ಫೋನ್ ಕಿತ್ತುಕೊಂಡು ಅವನ ಕೈಗೆ ಸಿರಿಂಜ್ ಕೊಟ್ಟೆ. ನನ್ನ ತೋಳು ಮಡಚಿದೆ.

"ನಿಂದು ಇನ್ನು ಹೋಲಿಕೆಗೆ ಬರಲ್ಲ. ನಂದು ತಗೋ. ಭಾನುವಾರ ಎಲ್ರೂ ಬರ್ಲಿ. ಮೊದ್ಲು ಅಕ್ಕಂಗೆ ಹೇಳೋಣ, ನಿಮ್ಮಮ್ಮನ ಎದುರಿಗೇ. ನೀನೇ ಹೇಳ್ಬೇಕು."

ಅವನು ಸಿರಿಂಜಿನ ಪೊಟ್ಟಣ ಹರಿದ.

"ಹೇಳ್ತೀನಿ" ಎಂದ.

ಆಮೇಲೆ ನನ್ನ ಮೊಣಕೈ ಮಡಿಕೆಯಲ್ಲಿ ಹೆಬ್ಬೆರಳಿಟ್ಟು ನರ ಹುಡುಕಿದ. ಸಿಕ್ಕಿದ ಮೇಲೂ ಬೆರಳು ತೆಗೆಯಲಿಲ್ಲ.