ನಾಲ್ಕನೇ ಗಾಜು

ಇನ್‌ಫ್ರಾರೆಡ್ ಭಾವಚಿತ್ರಕ್ಕೆ ಉರಿಬಿಸಿಲೇ ಬೇಕು. ಅದಕ್ಕೇ ವೆರಾಕ್ರೂಸ್‌ನಲ್ಲಿ ನಾನು ಕೆಲಸಕ್ಕೆ ಹೊರಡುವುದು ಮಟಮಟ ಮಧ್ಯಾಹ್ನ. ಅಂದು, ಊರವರೆಲ್ಲ ದೋನ್ಯಾ, ಅಂದರೆ ಅಮ್ಮಾವ್ರು, ಎಂದು ಕರೆಯುವ ಒಬ್ದುಲಿಯಾ ಅವರನ್ನು ಅವರ ಅಂಗಳದ ಮಾವಿನ ಮರದ ಮುಂದೆ ಕೂರಿಸಿದೆ. ಗಂಡ ತೀರಿಕೊಂಡು ಒಂಬತ್ತನೇ ದಿನ; ಮೈತುಂಬ ಕಪ್ಪು ಬಟ್ಟೆ.

“ಈ ಕ್ಯಾಮೆರಾದಲ್ಲಿ ಕಪ್ಪು ಬಟ್ಟೆ ಬೆಳ್ಳಗೆ ಬರುತ್ತೆ ದೋನ್ಯಾ, ಎಲೆನೂ ಅಷ್ಟೆ,” ಎಂದೆ.

“ಬಿಳಿ ಉಡುಪು ತೊಡಿಸಿ ನನ್ನ ಮತ್ತೆ ಮದುಮಗಳು ಮಾಡ್ತೀಯೇನೋ ಮಗಾ? ನಮ್ಮ ಮುದುಕಪ್ಪ ಎದ್ದು ಬಂದಾನು!” ಎಂದು ನಕ್ಕರು.

ಯಾವ ಫಿಲ್ಟರ್ ಒಪ್ಪುತ್ತದೋ ನೋಡೋಣವೆಂದು ಮೊದಲು ತಿಳಿಗೆಂಪಿನ ಗಾಜು ಹಾಕಿ ತೆಗೆದೆ. ಎಲೆ ಬೆಳ್ಳಗಾಯಿತು, ಬಟ್ಟೆ ಬೆಳ್ಳಗಾಯಿತು. ಭುಜದ ಮೇಲೆ ಮಾತ್ರ ನಾಲ್ಕು ಬೆರಳಿನ ಗುರುತು ಕಪ್ಪಾಗಿಯೇ ಉಳಿದಿತ್ತು. ಇನ್ನೂ ಕಡುಗೆಂಪಿನ ಎರಡನೇ ಗಾಜಿನಲ್ಲಿ ಆ ಗುರುತು ಕೊರಳಪಟ್ಟಿಯ ಮೇಲಿತ್ತು. ಮೂರನೆಯದರಲ್ಲಿ ಬಟ್ಟೆ ದಾಟಿ, ಹಾಲಿನಂತೆ ಬೆಳ್ಳಗೆ ಬಂದಿದ್ದ ಕೊರಳ ಮೇಲಿತ್ತು.

“ಇಷ್ಟು ಬಿಸಿಲಲ್ಲೂ ಕತ್ತಿನ ಹತ್ರ ಚಳಿ ಕಣೋ,” ಎಂದು ಅವರು ಶಾಲು ಎಳೆದುಕೊಂಡರು.

ಎಲ್ಲಕ್ಕಿಂತ ಕಪ್ಪಾದ ನಾಲ್ಕನೇ ಗಾಜನ್ನು ಚೀಲದಿಂದ ತೆಗೆಯಲೇ ಇಲ್ಲ. ಬ್ಯಾಟರಿ ಮುಗಿಯಿತೆಂದು ಸುಳ್ಳು ಹೇಳಿ ಬಂದುಬಿಟ್ಟೆ.

ನಿನ್ನೆ ಅವರ ಫೋನ್ ಬಂತು. ದನಿ ಕಟ್ಟಿಹೋಗಿತ್ತು.

“ನಾಲ್ಕನೇದು ಯಾವಾಗ ಹಾಕ್ತೀಯಾ ಮಗಾ?”

ನಾಲ್ಕನೆಯದೊಂದಿದೆ ಎಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ.