ಪೋಲಿಗೆ ಆಪರೇಷನ್ ಮಾಡಿಸೋಣವೇ?

"ಸಾಕೋಕೆ ಬರಲ್ಲ ಅಂದ್ರೆ ನಾಯಿ ಯಾಕ್ರೀ ಇಟ್ಕೋತೀರ?"

ಪಶುವೈದ್ಯನ ದನಿ ಕ್ಲಿನಿಕ್ಕಿನ ಗೋಡೆಗೆ ಬಡಿದು ವಾಪಸಾಯಿತು. ಮೇಜಿನ ಮೇಲೆ ಮಲಗಿದ್ದ ಕಂದು ನಾಯಿಯ ಕಿವಿ ಹರಿದು ಜೋತಾಡುತ್ತಿತ್ತು. ಬೀದಿನಾಯಿಗಳ ಜೊತೆ ಜಗಳ.

ನಾಯಿಯನ್ನು ತಂದಿದ್ದ ಅವಳಿಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ.

"ಸಾಕಿದ್ದು ನಾನಲ್ಲ, ನನ್ನ ಗಂಡ. ಅವರು ತೀರಿಕೊಂಡು ಹದಿನಾಲ್ಕು ತಿಂಗಳಾಯ್ತು."

ಹೊಲಿಗೆ ಹಾಕುತ್ತಿದ್ದ ಅವನ ಕೈ ನಿಂತಿತು.

"ಕ್ಷಮಿಸಿ... ಹೆಸರು?"

"ಪೋಲಿ."

"ಅಲ್ಲ, ನಾಯಿದು..."

"ನಾಯಿದೇ. ಅವರಿಟ್ಟಿದ್ದು."

ಬಂದ ನಗುವನ್ನು ಅವನು ಅವಳ ಮುಖ ನೋಡಿ ನುಂಗಿಕೊಂಡ.

ಪೋಲಿಯನ್ನು ಪೂರ್ತಿ ಪರೀಕ್ಷಿಸಿದ ಮೇಲೆ ಅವನ ಹುಬ್ಬು ಗಂಟಿಕ್ಕಿತು. "ಇವನದು ಒಂದು ಬೀಜ ಕೆಳಗೆ ಇಳಿದೇ ಇಲ್ಲ, ಹೊಟ್ಟೆಯೊಳಗೇ ಉಳಿದಿದೆ. ಮುಂದೆ ಗಡ್ಡೆ ಆಗ್ಬಹುದು. ಸಂತಾನಹರಣ ಆಪರೇಷನ್ ಮಾಡಿಸಿಬಿಡಿ. ಗೋಡೆ ಹಾರಿ ಅಲೆಯೋದೂ ಕಡಿಮೆ ಆಗುತ್ತೆ."

"ಅತ್ತೇನ ಕೇಳ್ಬೇಕು."

ಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ವಿಷಯ ಕೇಳಿ ತಲೆ ಎತ್ತಲಿಲ್ಲ.

"ಬೇಡ! ನನ್ನ ಮಗನದಂತೂ ಒಂದು ಕುಡಿ ಉಳೀಲಿಲ್ಲ. ಅವನ ನಾಯಿದಾದ್ರೂ ಒಂದು ಮರಿ ಈ ಮನೇಲಿ ಓಡಾಡ್ಲಿ."

"ಹೂಂ," ಎಂದಳು ಅವಳು. ಹದಿನಾಲ್ಕು ತಿಂಗಳಿಂದ ಎಲ್ಲದಕ್ಕೂ ಅವಳ ಉತ್ತರ ಅದೊಂದೇ.

ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಗಾಜಿನ ಅಂಚು ತೇಯ್ದು, ಚೌಕಟ್ಟಿಗೆ ಒತ್ತಿ ಕೂರಿಸಿ, "ಈಗ ಚೆನ್ನಾಗಿ ಕಾಣ್ತಿದೆಯಾ?" ಎಂದು ಕೇಳುವುದು. ಬೆರಳು ಕೊಯ್ದುಕೊಂಡರೂ ರಕ್ತ ನೋಡಿದ ಮೇಲೆಯೇ ಅವಳಿಗೆ ಗೊತ್ತಾಗುತ್ತಿತ್ತು.

ಮುಂದಿನ ವಾರ ಡಾಕ್ಟರ್ ಅಂಗಡಿಗೆ ಬಂದ. ಕನ್ನಡಕದ ಸ್ಕ್ರೂ ಸಡಿಲವಂತೆ. ನಾಲ್ಕು ದಿನ ಬಿಟ್ಟು ಮತ್ತೆ ಬಂದ. ಮೂರನೇ ಸಲ ಬಂದಾಗ ಆ ಸ್ಕ್ರೂ ತಾನಾಗಿ ಸಡಿಲವಾಗಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಗೊತ್ತಾಯಿತು, ಅಷ್ಟೇ.

"ಪೋಲಿ ವಿಷಯ ಏನು ತೀರ್ಮಾನ ಮಾಡಿದ್ರಿ?"

"ಅತ್ತೆ ಬೇಡ ಅಂದ್ರು."

"ನೀವು?"

ಅವಳು ಸ್ಕ್ರೂ ಬಿಗಿ ಮಾಡಿ ಕನ್ನಡಕವನ್ನು ಅವನ ಮುಂದಿಟ್ಟಳು.

"ಸರಿ. ನೀವಾಗಿ ಹೇಳೋವರೆಗೂ ನಾನು ಅವನನ್ನ ಮುಟ್ಟಲ್ಲ," ಎಂದ ಅವನು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಟೀಚರ್ ಫೋನ್ ಮಾಡಿದರು. "ನಿಮ್ಮ ಪೋಲೀನ ಆ ಡಾಕ್ಟ್ರು ಎತ್ಕೊಂಡು ಹೋದ್ರು ಕಣಮ್ಮಾ! ಆಪರೇಷನ್ ಅಂತೆ!"

ಅವಳು ಓಡಿದಳು. ಕ್ಲಿನಿಕ್ಕಿನ ಬಾಗಿಲನ್ನು ಭುಜದಿಂದಲೇ ತಳ್ಳಿದಳು.

"ಯಾರನ್ನ ಕೇಳಿ ಮಾಡಿದ್ರಿ? ನಿಮ್ಮ ಮಾತಿಗೆ ಬೆಲೆನೇ ಇಲ್ವಾ? ಅವರದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ!"

ತನ್ನ ದನಿ ಕೇಳಿ ಅವಳೇ ಬೆಚ್ಚಿದಳು. ಇಷ್ಟು ಸಿಟ್ಟು... ಇಷ್ಟು ದಿನ ಎಲ್ಲಿತ್ತು?

ಅವನು ಪಕ್ಕಕ್ಕೆ ಸರಿದ. ಪೋಲಿಯ ಹಿಂಗಾಲಿಗೆ ದಪ್ಪ ಬ್ಯಾಂಡೇಜು. ಬೇರೇನೂ ಆಗಿರಲಿಲ್ಲ.

"ಹೆಣ್ಣುನಾಯಿ ಹಿಂದೆ ಓಡಿ ವ್ಯಾನಿಗೆ ಸಿಕ್ಕಿದ್ದ. ಕಾಲಿಗೆ ಮಾತ್ರ ಹೊಲಿಗೆ ಹಾಕಿದೀನಿ," ಎಂದ ಮೆಲ್ಲಗೆ.

ಅವಳು ನೆಲದಲ್ಲೇ ಕೂತಳು.

ಸುದ್ದಿ ಕೇಳಿ ಏದುಸಿರು ಬಿಡುತ್ತಾ ಬಂದ ಅತ್ತೆ ನಾಯಿಯ ತಲೆ ಸವರಿದರು.

"ಇವನೂ ಹೋಗಿಬಿಡ್ತಿದ್ದ, ಅಲ್ವಾ?" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿದರು. "ನಾನು ಬೇಡ ಅಂದೆ, ಡಾಕ್ಟ್ರು ಬೇಕು ಅಂದ್ರು. ನಿನ್ನ ಮನಸ್ಸಲ್ಲಿ ಏನಿದೆ ಅಂತ ನಾನು ಕೇಳ್ಲೇ ಇಲ್ಲ ಮಗಳೇ."

ಅವಳು ಪೋಲಿಯ ಬ್ಯಾಂಡೇಜಿನ ಮೇಲೆ ಕೈಯಿಟ್ಟಳು.

"ಮಾಡಿಸೋಣ ಅತ್ತೆ. ನನಗೆ ಮರಿ ಬೇಡ... ಪೋಲಿ ಬೇಕು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದರು.

ಕಾಲು ವಾಸಿಯಾದ ಮೇಲೆ ಆಪರೇಷನ್ ಆಯಿತು. ಹೊಲಿಗೆ ಬಿಚ್ಚುವ ದಿನ ಅತ್ತೆ, "ನೀನೊಬ್ಳೇ ಕರ್ಕೊಂಡು ಹೋಗು. ನಿಧಾನವಾಗಿ ಬಾ, ನಂಗೇನೂ ಅವಸರ ಇಲ್ಲ," ಎಂದು ಬೇಕೆಂದೇ ಟಿವಿ ಕಡೆ ಮುಖ ಮಾಡಿದರು.

"ಗಾಯ ಒಣಗಿದೆ. ಇನ್ನು ನೀವು ಬರೋ ಅಗತ್ಯ ಇಲ್ಲ," ಎಂದ ಡಾಕ್ಟರ್.

"ಸರಿ."

ಅವಳು ಬಾಗಿಲವರೆಗೆ ಹೋಗಿದ್ದಳು.

"ಸುಳ್ಳು ಹೇಳಿದೆ! ಅಗತ್ಯ ಇದೆ. ಪೋಲಿಗಲ್ಲ... ನನಗೆ."

ಅವಳು ತಿರುಗಿದಳು. "ಡಾಕ್ಟ್ರೇ, ನನ್ನೊಳಗೆಲ್ಲಾ ಜೋಮು ಹಿಡಿದ ಹಾಗಿದೆ. ನಿಮಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ."

"ಕೊಡಿ ಅಂದ್ನಾ? ಸಂಜೆ ಇವನನ್ನ ನಡೆಸ್ತೀರಲ್ಲ, ಪಕ್ಕದಲ್ಲಿ ನಾನೂ ನಡೀತೀನಿ."

ಅವಳು ಬಾಗಿಲಿನಿಂದ ವಾಪಸು ಬಂದಳು. ಆಮೇಲೆ ಪೋಲಿಯ ಹಗ್ಗವನ್ನು ಅವನ ಕೈಗೆ ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಅವಳು ಹಿಂದಕ್ಕೆಳೆದುಕೊಳ್ಳಲಿಲ್ಲ.

"ನಿಮ್ಮ ಕೈ ಬೆಚ್ಚಗಿದೆ," ಎಂದಳು, ಆಶ್ಚರ್ಯದಿಂದ.

"ಗೊತ್ತಾಗ್ತಿದೆಯಾ?"

"ಸ್ವಲ್ಪ... ಸ್ವಲ್ಪ ಗೊತ್ತಾಗ್ತಿದೆ."